ಬಿರುಗಾಳಿಯ ಊರಿನ ಅಕ್ಷರಗಳು

ಫ್ರಾನ್ಸಿನ ದಕ್ಷಿಣ ತೀರದಲ್ಲಿ, ಮೆಡಿಟರೇನಿಯನ್ ಸಮುದ್ರಕ್ಕೆ ಮುಖಮಾಡಿ ನಿಂತಿರುವ ಮಾರ್ಸೇ ನಗರವು ಬಹು ಪುರಾತನವಾದುದು. ಕ್ರಿಸ್ತಪೂರ್ವ 600ರ ಸುಮಾರಿಗೆ ಗ್ರೀಕ್ ನಾವಿಕರು ಇಲ್ಲಿ ಬಂದು ನೆಲೆಸಿದರು. ಅವರ ಹಡಗುಗಳು ತಂಗಿದ ಹಳೆಯ ಬಂದರಿನ ಕಟ್ಟೆಯ ಮೇಲೆ ಇಂದಿಗೂ ಬೆಳಗಿನ ಹೊತ್ತು ಮೀನಿನ ಸಂತೆ ನೆರೆಯುತ್ತದೆ. ಎದುರಿನ ಗುಡ್ಡದ ನೆತ್ತಿಯಲ್ಲಿರುವ ಇಗರ್ಜಿಯ ಶಿಖರದಿಂದ ಚಿನ್ನದ ಲೇಪವುಳ್ಳ ಮೇರಿಮಾತೆಯ ಪ್ರತಿಮೆಯು ಕಡಲನ್ನು ನೋಡುತ್ತಿರುತ್ತದೆ.

ಈ ಊರಿಗೆ ಒರಟು ಅತಿಥಿಯೊಬ್ಬನುಂಟು. ರೋನ್ ನದಿಯ ಕಣಿವೆಯನ್ನು ಹಿಡಿದು ಉತ್ತರದಿಂದ ನುಗ್ಗಿಬರುವ ಆ ಶೀತಮಾರುತದ ಹೆಸರು ಮಿಸ್ತ್ರಾಲ್. ಅದು ಬಂತೆಂದರೆ ಕಿಟಕಿಬಾಗಿಲುಗಳು ಬಡಿದುಕೊಳ್ಳುತ್ತವೆ. ಬೀದಿಯಲ್ಲಿ ಟೊಪ್ಪಿಗೆಗಳು ನಿಲ್ಲವು. ಆದರೆ ಅದೇ ಗಾಳಿಯು ಮೋಡಗಳನ್ನು ಗುಡಿಸಿ, ಆಕಾಶವನ್ನು ತೊಳೆದಿಟ್ಟಂತೆ ಮಾಡುತ್ತದೆ.

ಆ ಗಾಳಿಯನ್ನು ಸೀಸದಲ್ಲಿ ಹಿಡಿದಿಟ್ಟವನು ಈ ಊರಿನ ಮಗನೇ. 1910ರಲ್ಲಿ ಇಲ್ಲಿ ಜನಿಸಿದ ರೋಜೆ ಎಕ್ಸ್‌ಕೋಫೋನನು ಮೊದಲು ಕಾನೂನು ಓದಿದನು; ಬಳಿಕ ಪ್ಯಾರಿಸಿಗೆ ಹೋಗಿ ಕಲೆಯತ್ತ ತಿರುಗಿದನು. ಆದರೆ ಅವನು ರೂಪಿಸಿದ ಅಕ್ಷರಗಳನ್ನು ಎರಕಹೊಯ್ದುದು ಮಾರ್ಸೇಯ ಓಲೀವ್ ಎರಕಶಾಲೆ.

ಕೆಲಸ ಸುಲಭದ್ದಾಗಿರಲಿಲ್ಲ. ಅಚ್ಚಿನ ಮೊಳೆಯೆಂದರೆ ಲೋಹದ ಪುಟ್ಟ ಕಂಬ. ಒಂದೊಂದೂ ತನ್ನ ಚೌಕದೊಳಗೆ ಬಂದಿಯಾದುದು. ಕೈಬರಹವಾದರೋ ಹರಿಯುವ ಹೊಳೆ. ಬಿಡಿಬಿಡಿ ಮೊಳೆಗಳನ್ನು ಜೋಡಿಸಿದಾಗ ಒಂದು ಅಕ್ಷರದ ಬಾಲವು ಮುಂದಿನದರ ತಲೆಗೆ ತಪ್ಪದೆ ಕೂಡಬೇಕು. ತನ್ನ ಕೈಬರಹವನ್ನೇ ಆಧಾರವಾಗಿಟ್ಟುಕೊಂಡು ಎಕ್ಸ್‌ಕೋಫೋನನು ಇದನ್ನು ಸಾಧಿಸಿದನು. 1953ರಲ್ಲಿ ಹೊರಬಂದ ಆ ಅಕ್ಷರಗಳಿಗೆ ಊರಿನ ಗಾಳಿಯ ಹೆಸರೇ ಬಂತು: ಮಿಸ್ತ್ರಾಲ್. ಎರಡು ವರ್ಷಗಳ ತರುವಾಯ ಬಂದುದು ‘ಷಾಕ್’. ಮಸಿಯಲ್ಲಿ ಅದ್ದಿದ ದಪ್ಪ ಕುಂಚವನ್ನು ಅಳುಕಿಲ್ಲದೆ ಬೀಸಿದಂತಹ ಅಕ್ಷರಗಳವು. ಅವುಗಳಲ್ಲಿ ಕಾದಂಬರಿಯನ್ನು ಅಚ್ಚುಹಾಕಿದರೆ ಎರಡನೆಯ ಪುಟಕ್ಕೇ ಕಣ್ಣು ಸೋಲುವುದು. ಬೀದಿಯ ಆ ಬದಿಯಲ್ಲಿರುವ ಗಿರಾಕಿಯನ್ನು ಕೂಗಿ ಕರೆಯುವುದೇ ಅವುಗಳ ಕೆಲಸ.

ಕರೆದವು ಕೂಡ. ಫ್ರಾನ್ಸಿನ ಪೇಟೆಬೀದಿಗಳಲ್ಲಿ ಕ್ಷೌರದಂಗಡಿ, ಮಾಂಸದಂಗಡಿ, ಕಾಫಿಯಂಗಡಿಗಳ ನೆತ್ತಿಯ ಮೇಲೆ ಈ ಅಕ್ಷರಗಳು ಮನೆಮಾಡಿದವು. ಈ ಗೆಲುವಿನಲ್ಲಿ ಒಂದು ನಷ್ಟವೂ ಇಲ್ಲದಿಲ್ಲ. ಏಣಿ ಹತ್ತಿ ಫಲಕ ಬರೆಯುವ ಕುಶಲಿಯ ಕೈಯಿಂದ ಎರಡು ಅಕ್ಷರಗಳು ಎಂದೂ ಒಂದೇ ತೆರನಾಗಿ ಮೂಡವು. ಮೊಳೆಯಿಂದಾದರೋ ಸಾವಿರವೂ ಒಂದೇ. ಒಬ್ಬನ ಕೈಯ ಸ್ವೇಚ್ಛೆಯು ಸಾವಿರ ಅಂಗಡಿಗಳ ಪಡಿಯಚ್ಚಾಯಿತು.

ಕಾಲವು ಆ ಎರಕಶಾಲೆಯನ್ನೂ ಬಿಡಲಿಲ್ಲ. ಸೀಸದ ಯುಗ ಮುಗಿಯುತ್ತ ಬಂದಂತೆ ಅದೂ ಮುಚ್ಚಿತು. 1983ರಲ್ಲಿ ಎಕ್ಸ್‌ಕೋಫೋನನು ತೀರಿಕೊಂಡನು. ಅಕ್ಷರಗಳು ಮಾತ್ರ ಗಣಕಯಂತ್ರದೊಳಕ್ಕೆ ದಾಟಿ ಉಳಿದುಕೊಂಡವು.

ಹೊರಗೆ ಮಿಸ್ತ್ರಾಲ್ ಬೀಸುವಾಗ ಅಂಗಡಿಯ ಮುಂದಣ ಬಟ್ಟೆಯ ಚಪ್ಪರವು ಪಟಪಟನೆ ಹೊಡೆದುಕೊಳ್ಳುತ್ತದೆ. ಅದರ ಮೇಲಿನ ಫಲಕದಲ್ಲಿ ಅಕ್ಷರಗಳು ಅದೇ ದಿಕ್ಕಿಗೆ ಓಡುತ್ತಿರುವಂತೆ ತೋರುತ್ತವೆ. ಬರೆದ ಕೈ ಈಗಷ್ಟೇ ಕುಂಚವನ್ನು ಕೆಳಗಿಟ್ಟು, ಒಳಗೆ ಕಾಫಿ ಕುಡಿಯಲು ಹೋಗಿದೆಯೋ ಎಂಬಂತೆ.