ಪೆಟ್ಟಿಗೆಯ ಮೌನ

ವೀಣೆಯ ಕೊಡವನ್ನು ಹಲಸಿನ ಮರದಲ್ಲಿ ಕೊರೆಯುವ ಕುಶಲಕರ್ಮಿಯು, ತಂತಿಯೊಡನೆ ಆ ಮರವೂ ನಾದಗೈಯಲೆಂದು ಬಯಸುತ್ತಾನೆ. ಧ್ವನಿವರ್ಧಕದ ಪೆಟ್ಟಿಗೆಯನ್ನು ಮಾಡುವವನ ಬಯಕೆ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ನಾದವೆಲ್ಲ ಕಾಗದದ ಶಂಕುವಿನಿಂದಲೇ ಹೊಮ್ಮಬೇಕು, ಮರವು ಮೌನವಾಗಿರಬೇಕು. ಮರವೂ ಅದರೊಳಗಿನ ಗಾಳಿಯೂ ತಾವೇ ದನಿಗೂಡಿಸತೊಡಗಿದರೆ ಅದು ಬೇಡದ ಅನುನಾದ.

ಮಠದ ಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತಿದ್ದ ಹಿರಿಯ ಅಧ್ಯಾಪಕರೊಬ್ಬರು ಇದನ್ನು ಅರಿತುದು ಗ್ರಂಥದಿಂದಲ್ಲ, ವಿದ್ಯಾರ್ಥಿಯ ಮಾತಿನಿಂದ. ಪ್ರಾರ್ಥನಾಮಂದಿರಕ್ಕೆಂದು ಅವರು ಬಡಿಗೇರರ ಕೈಯಿಂದ ಪೆಟ್ಟಿಗೆಯೊಂದನ್ನು ಮಾಡಿಸಿದರು. ನೋಟಕ್ಕೆ ಅಂದವಾಗಿರಲೆಂದು ಒಳಗಿನ ಉದ್ದ, ಅಗಲ, ಎತ್ತರ ಮೂರನ್ನೂ 40 ಸೆಂ.ಮೀ. ಇರಿಸಿದ್ದರು. ಮೊದಲ ದಿನದ ವಚನಗಾಯನವನ್ನು ಹಿರಿಯರೆಲ್ಲ ಮೆಚ್ಚಿದರು. ಕೊನೆಯ ಸಾಲಿನಲ್ಲಿದ್ದ ಬಾಲಕನೊಬ್ಬ ಮಾತ್ರ, “ಹಾಡು ಕೇಳಸ್ತದ್ರೀ ಗುರುಗಳ, ಮಾತು ತಿಳಿಯೂದಿಲ್ಲ” ಎಂದನು.

ಅಧ್ಯಾಪಕರಿಗೆ ಆ ರಾತ್ರಿ ನಿದ್ರೆ ಬರಲಿಲ್ಲ. ವಚನವೆಂದರೇ ಮಾತು. ಮಾತು ತಿಳಿಯದ ಮೇಲೆ ಮಂದಿರವನ್ನು ತುಂಬಿದ್ದು ಬರಿಯ ಸದ್ದಲ್ಲವೆ? ನಾಭಿಮೂಲದಿಂದ ಕಹಳೆಯ ರೀತಿಯಲ್ಲಿ ಶಬ್ದವು ಹುಟ್ಟುವುದೆಂದು ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹೇಳಿದ್ದಾನೆ. ಹಾಗೆ ಹುಟ್ಟಿದ ನುಡಿಯು ಕೇಳುವವನ ಕಿವಿಯನ್ನು ಮುಟ್ಟುವ ಮುನ್ನವೇ ಕೆಡುತ್ತಿತ್ತು.

ಕಾರಣವು ಅಂದವೆಂದುಕೊಂಡ ಆ ಸಮಚೌಕದಲ್ಲಿಯೇ ಇತ್ತು. ಎದುರುಬದುರಿನ ಗೋಡೆಗಳ ನಡುವೆ ಧ್ವನಿಯು ಹೋಗಿಬರುತ್ತ ಸ್ಥಿರತರಂಗವಾಗಿ ನಿಲ್ಲುತ್ತದೆ. 40 ಸೆಂ.ಮೀ. ಅಂತರಕ್ಕೆ ಅದು ಸೆಕೆಂಡಿಗೆ ಸುಮಾರು 430 ಕಂಪನಗಳ ಸ್ವರ. ಮೂರು ಅಳತೆಗಳೂ ಒಂದೇ ಆದುದರಿಂದ ಮೂರು ತರಂಗಗಳೂ ಅದೇ ಸ್ವರದಲ್ಲಿ ಕೂಡಿ ಮೊರೆದವು. ಸ್ವರಾಕ್ಷರಗಳ ಬಲವು ಬಹುಮಟ್ಟಿಗೆ ಈ ಎಡೆಯಲ್ಲಿರುತ್ತದೆ; ಸಕಾರ ಶಕಾರಗಳ ಭೇದವಾದರೋ ಇದಕ್ಕಿಂತ ಬಹಳ ಮೇಲಿನ ಕಂಪನಗಳಲ್ಲಿದೆ. ಹೀಗಾಗಿ ಸ್ವರಗಳು ಉಬ್ಬಿದವು, ವ್ಯಂಜನಗಳು ಅಡಗಿದವು.

ಅಷ್ಟೇ ಗಾಳಿ ಹಿಡಿಯುವಂತೆ 60, 40, 27 ಸೆಂ.ಮೀ. ಅಳತೆಯ ಹೊಸ ಪೆಟ್ಟಿಗೆ ಸಿದ್ಧವಾಯಿತು. ಮೂರು ತರಂಗಗಳು ಮೂರು ದಾರಿ ಹಿಡಿದವು. ಆದರೂ ಹಲಗೆಯ ನಡುವೆ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ದನಿ ಬರುತ್ತಿತ್ತು. ದಪ್ಪ ಹಲಗೆ ಹಾಕೋಣವೆಂದರು ಬಡಿಗೇರರು. ದಪ್ಪ ಹಲಗೆ ಬಿಗಿಯೇನೋ ಹೌದು. ಆದರೆ ಅದರ ಕಂಪನವು ಮೇಲಿನ ಸ್ವರಕ್ಕೆ ಏರುವುದೇ ಹೊರತು ಅಳಿಯುವುದಿಲ್ಲ. ಬಿ.ಬಿ.ಸಿ.ಯ ಸಂಶೋಧನ ವಿಭಾಗದ ಹಾರ್ವುಡ್ ಮತ್ತು ಮ್ಯಾಥ್ಯೂಸ್ ಎಂಬವರು 1977ರ ವರದಿಯಲ್ಲಿ ಈ ವಿಷಯವನ್ನು ವಿಚಾರಿಸಿದ್ದಾರೆ. ತೆಳುವಾದ ಪ್ಲೈವುಡ್ಡಿಗೆ ಒಳಗಿನಿಂದ ಟಾರಿನ ಜಾತಿಯ ಹೊದಿಕೆಯನ್ನು ಅಂಟಿಸಿ ಕಂಪನವನ್ನು ತಣಿಸುವುದು ಅಲ್ಲಿಯ ಪದ್ಧತಿ. ಅಧ್ಯಾಪಕರು ಟಾರಿನ ದಪ್ಪ ಹಾಳೆಯನ್ನು ಒಳಗೋಡೆಗಳಿಗೆ ಅಂಟಿಸಿದರು. ಎದುರು ಗೋಡೆಗಳನ್ನು ನಟ್ಟನಡುವಿಗಿಂತ ತುಸು ಸರಿಸಿ ಅಡ್ಡಪಟ್ಟಿಯಿಂದ ಬಿಗಿದರು.

ಉಳಿದುದು ಗಾಳಿ. ಅದಕ್ಕೆ ಹಳೆಯ ಕಂಬಳಿಯ ತುಂಡುಗಳು ಒದಗಿದವು. ಗೋಡೆಗೆ ತಾಗಿದಲ್ಲಿ ಗಾಳಿಯ ಒತ್ತಡ ಹೆಚ್ಚು, ಚಲನೆ ಇಲ್ಲವೆಂಬಷ್ಟು ಕಡಿಮೆ. ಉಣ್ಣೆಯು ತಣಿಸುವುದು ಚಲನೆಯನ್ನು. ಆದುದರಿಂದ ಕಂಬಳಿಯನ್ನು ಗೋಡೆಗೆ ಒತ್ತದೆ, ಪೆಟ್ಟಿಗೆಯ ನಡುವೆ ಸಡಿಲವಾಗಿ ತುಂಬಿದರು.

ಪ್ಲೈವುಡ್ಡಿನ ವೆಚ್ಚವನ್ನು ಕೊಟ್ಟ ದಾನಿಗಳು ತಮ್ಮ ಹೆಸರಿನ ತಗಡನ್ನು ತಂದಿದ್ದರು. ಮುಂಭಾಗಕ್ಕೆ ಎರಡು ಮೊಳೆ ಹೊಡೆದು ನುಡಿಸಿದಾಗ ತಗಡು ಕಿರಗುಟ್ಟಿತು. ಅಧ್ಯಾಪಕರು ಸಂಕೋಚದಿಂದ ಅವರ ಮುಖ ನೋಡಿದರು. ದಾನಿಗಳು ನಕ್ಕು, “ಹಂಗಾದ್ರ ತಗದುಬಿಡ್ರಿ. ಹುಡುಗರಿಗೆ ಮಾತು ಕೇಳಿದ್ರ ಸಾಕು” ಎಂದು ತಗಡನ್ನು ಚೀಲದಲ್ಲಿರಿಸಿಕೊಂಡರು.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಅಧ್ಯಾಪಕರು ಕೊನೆಯ ಸಾಲಿನ ಬಾಲಕನನ್ನು ಕರೆದು, ಏನು ಕೇಳಿಸಿತೆಂದು ವಿಚಾರಿಸಿದರು. ಅವನು ಪೆಟ್ಟಿಗೆಯ ವಿಷಯವನ್ನು ಎತ್ತಲೇ ಇಲ್ಲ. ಕೈಕಟ್ಟಿ ನಿಂತು, ಕೇಳಿದ ವಚನವನ್ನು ಮೊದಲಿನಿಂದ ಅಂಕಿತದವರೆಗೆ ಒಂದಕ್ಷರವೂ ತಪ್ಪದಂತೆ ಒಪ್ಪಿಸಿದನು.