ಮಧ್ಯಾಹ್ನ ಮೀನು, ಸಂಜೆ ಔಷಧಿ

1988ರಲ್ಲಿ ಹೊನ್ನಾಳಿಯ ಬಸ್ ನಿಲ್ದಾಣದಿಂದ ಹೊಳೆ ಕಡೆ ಇಳಿಯುವ ದಾರಿಯಲ್ಲಿ ಬೋರ್ಡಿಲ್ಲದ ಒಂದು ಹೋಟೆಲಿತ್ತು. ಬಾಗಿಲಿಗೆ ಗೋಣಿ ಪರದೆ. ಅದನ್ನು ಸರಿಸಿ ಒಳಗೆ ಹೋದರೆ ನಾಲ್ಕು ಬೆಂಚು, ಹೊಗೆ ಹಿಡಿದ ಗೋಡೆ, ಮೂಲೆಯಲ್ಲಿ ಸೌದೆ ಒಲೆ. ಒಳಗೆ ಬಂದವನನ್ನು ಹೋಟೆಲಿನವನು ಏನು ಬೇಕು ಅಂತ ಕೇಳುತ್ತಿರಲಿಲ್ಲ. "ಯಾವೂರ್ರೀ? ಯಾರ ಪೈಕಿ?" ಎನ್ನುತ್ತಿದ್ದ. ಉತ್ತರ ಸರಿಹೋದರೆ "ಕುಂದ್ರಿ". ಸರಿಹೋಗದಿದ್ದರೂ ಊಟ ಸಿಗುತ್ತಿತ್ತು, ಆದರೆ ಹೊರಗಿನ ಕಟ್ಟೆಯ ಮೇಲೆ, ಬೇರೆ ತಟ್ಟೆಯಲ್ಲಿ. ನಾನು ಒಳಗೆ ಕೂತು ಉಂಡವನು. ಕಟ್ಟೆಯ ಮೇಲೆ ಕೂತು ಉಂಡವರು ಬರೆದರೆ ಅದೇ ಸಾರಿನ ರುಚಿ ಬೇರೆಯಾಗಿರುತ್ತದೆ.

ಆಗ ನಾನು ದಾವಣಗೆರೆಯಲ್ಲಿ ಔಷಧಿ ಕಂಪನಿಯೊಂದರ ಮಾರಾಟಗಾರ. ಔಷಧಿ ಎಂದರೆ ಬೆಳೆಗೆ ಹೊಡೆಯುವುದು. ನಮ್ಮ ಕಡೆ ರೈತರ ಬಾಯಲ್ಲಿ ಅದು "ಎಣ್ಣೆ". ವಾರಕ್ಕೆ ನಾಲ್ಕು ಊರು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ನಮ್ಮ ದಾವಣಗೆರೆಯ ಜೊತೆ ಚಿತ್ರದುರ್ಗದಲ್ಲಿತ್ತು, ನ್ಯಾಮತಿ ಹೊನ್ನಾಳಿಯ ಒಂದು ಹೋಬಳಿ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾದ ಮೇಲೆ ಎಲ್ಲ ಒಂದೇ ಮನೆಯವರಾದರು. 2017ರ ಬಜೆಟ್ಟಿನ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ನ್ಯಾಮತಿಯ ಹೆಸರೂ ಬಂತು. ನಕಾಶೆ ಬದಲಾಯಿತೇ ಹೊರತು ಬಸ್ಸಿನ ದಾರಿ ಅದೇ.

ದಿನಭತ್ಯೆಯಲ್ಲಿ ಬದುಕುವವನಿಗೆ ಮಧ್ಯಾಹ್ನದ ಊಟವೇ ದಿನದ ದೊಡ್ಡ ಲೆಕ್ಕಾಚಾರ. ನನ್ನದಕ್ಕೆ ಇನ್ನೊಂದು ತೊಡಕಿತ್ತು. ನನಗೆ ಮೀನು ಬೇಕು, ನನ್ನ ಗಿರಾಕಿಗಳಲ್ಲಿ ಬಹುಪಾಲು ಮಾಂಸದ ವಾಸನೆಗೂ ಮುಖ ತಿರುಗಿಸುವ ಮನೆಯವರು. ಸೋಮವಾರ ಹೇಗೂ ಇಲ್ಲ, ಶ್ರಾವಣ ಪೂರ್ತಿ ಇಲ್ಲ. ಉಳಿದ ದಿನ ಉಂಡು ಎದ್ದವನು ಕೈಗೆ ನಿಂಬೆ ಸಿಪ್ಪೆ ತಿಕ್ಕಿ, ಎಲೆ ಅಡಿಕೆ ಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ನಿಂಬೆ ಸಾಲುತ್ತಿರಲಿಲ್ಲ. ಬ್ಯಾಗಿನಲ್ಲಿದ್ದ ಸ್ಯಾಂಪಲ್ ಬಾಟಲಿಯ ಮುಚ್ಚಳ ಒಮ್ಮೆ ತಿರುಗಿಸಿದರೆ ಆಯಿತು, ಆ ಘಾಟಿನ ಮುಂದೆ ಯಾವ ಮೀನೂ ನಿಲ್ಲುತ್ತಿರಲಿಲ್ಲ.

ಹೊನ್ನಾಳಿಯ ಮೀನು ಎಂದರೆ ನನಗೆ ಕೊರವ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಕೂಡಿ ಬಂದ ಹೊಳೆ ಇಲ್ಲಿ ಅಗಲವಾಗಿ, ಸೋಮಾರಿಯಾಗಿ ಹರಿಯುತ್ತದೆ. ಹರಿಗೋಲಿನವರು ಬೆಳಗ್ಗೆ ತಂದ ಕೊರವವನ್ನು ಹೋಟೆಲಿನ ಹಿತ್ತಲಲ್ಲಿ ಅಗಲ ಬಾಯಿಯ ಹಂಡೆಯಲ್ಲಿ ನಾಲ್ಕು ಬೆರಳು ನೀರು ಹಾಕಿ ಬಿಟ್ಟಿರುತ್ತಿದ್ದರು. ಈ ಮೀನು ಮೇಲಿನ ಗಾಳಿಯನ್ನೂ ಉಸಿರಾಡುತ್ತದೆ, ಹಾಗಾಗಿ ಮಧ್ಯಾಹ್ನದವರೆಗೂ ಸಾಯದೆ ಮಿಸುಕುತ್ತಿತ್ತು. ಹೋಟೆಲಿನವನ ತಾಯಿ ಅದರ ತಲೆಗೆ ಒಂದೇಟು ಕೊಟ್ಟು, ಒಲೆಯ ಬೂದಿ ಸವರಿ, ಒರಟು ಕಲ್ಲಿನ ಮೇಲೆ ಬಟ್ಟೆ ಒಗೆದಂತೆ ಉಜ್ಜುತ್ತಿದ್ದಳು. ಲೋಳೆ ಬೂದಿಗೆ ಅಂಟಿ ಕಪ್ಪು ಹಿಟ್ಟಿನಂತೆ ಬಿಡುತ್ತಿತ್ತು. ಮೂರು ನೀರಿನಲ್ಲಿ ತೊಳೆದ ಮೇಲೆ ಹೋಳು. ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಬೆಳ್ಳುಳ್ಳಿ, ಚೂರು ಮೆಂತ್ಯ ಅರೆದು, ಹಳೇ ಹುಣಸೆಹಣ್ಣಿನ ಕಪ್ಪು ಹುಳಿ ಹಿಂಡಿ ಕುದಿಸಿದ ಸಾರು. ತೆಂಗಿನಕಾಯಿ ಇಲ್ಲ. ಜೊತೆಗೆ ಜೋಳದ ರೊಟ್ಟಿ ಅಥವಾ ಅನ್ನ. ಕೊರವಕ್ಕೆ ಸಣ್ಣ ಮುಳ್ಳಿನ ಕಾಟ ಇಲ್ಲದ್ದರಿಂದ ಬಸ್ಸಿಗೆ ಅವಸರವಿದ್ದವನೂ ಧೈರ್ಯವಾಗಿ ತಿನ್ನಬಹುದಿತ್ತು.

ಚೊಕ್ಕಟವಾಗಿತ್ತು ಅಂತ ಹೇಳಲಾರೆ. ನೊಣ ಧಾರಾಳ. ಕೈ ತೊಳೆಯುವ ಬಕೆಟ್ಟೂ ಲೋಟ ಅದ್ದುವ ಬಕೆಟ್ಟೂ ಒಂದೇ. ಹೆಂಗಸರು ಒಲೆಯ ಮುಂದೆ ಮಾತ್ರ. ಬೆಂಚಿನ ಮೇಲೆ ಒಬ್ಬ ಹೆಣ್ಣುಮಗಳು ಕೂತು ಉಂಡದ್ದನ್ನು ಆರು ವರ್ಷದಲ್ಲಿ ನಾನು ನೋಡಲಿಲ್ಲ.

ಚನ್ನಗಿರಿಯ ದಿನ ಕೆರೆಬಿಳಚಿ ದಾಟಿ ಸೂಳೆಕೆರೆಯಲ್ಲಿ ಇಳಿದುಬಿಡುತ್ತಿದ್ದೆ. ಸರ್ಕಾರಿ ಬೋರ್ಡಿನಲ್ಲಿ ಶಾಂತಿಸಾಗರ. ಬಸ್ಸಿನ ಕಂಡಕ್ಟರ್ ಹಾಗೆ ಕೂಗಿದ್ದು ಕೇಳಿಲ್ಲ. ಎರಡು ಗುಡ್ಡಗಳ ನಡುವೆ ಒಂದು ಗಿಡ್ಡ ಏರಿ ಹಾಕಿ 6,500 ಎಕರೆಗೂ ಮಿಕ್ಕಿ ನೀರು ನಿಲ್ಲಿಸಿದ ಆ ಹಳೆಗಾಲದ ಜಾಣತನ ನೋಡುತ್ತಾ, ಏರಿ ಕೆಳಗಿನ ಗುಡಿಸಲಲ್ಲಿ ಹುರಿದ ಮೀನು ತಿನ್ನುವುದು. ಇಲ್ಲಿ ಕಾಟ್ಲ, ರೋಹು, ಜಿಲೇಬಿ. ಮುಳ್ಳೋ ಮುಳ್ಳು. "ಕೆರೆ ಮೀನು, ಇಲ್ಲೇ ಹುಟ್ಟಿದ್ದು" ಎಂದು ಗುಡಿಸಲಿನವನು ಎದೆ ತಟ್ಟಿಕೊಳ್ಳುತ್ತಿದ್ದ, ನಾನೂ ನಂಬಿದ್ದೆ. ಕಾಟ್ಲ, ರೋಹು ಎರಡೂ ಗಂಗೆಯ ಸೀಮೆಯ ಮೀನು, ನಿಂತ ನೀರಿನಲ್ಲಿ ಮರಿ ಮಾಡುವುದೇ ಇಲ್ಲ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಒಡಿಶಾದ ಅಂಗುಲ್‌ನಲ್ಲಿ ಗೆಂಡೆ ಜಾತಿಯ ಮೀನಿಗೆ ಪಿಟ್ಯುಟರಿ ಗ್ರಂಥಿಯ ಸಾರದ ಸೂಜಿ ಚುಚ್ಚಿ ಮೊಟ್ಟೆ ಬಿಡಿಸಿದರು. ಅಲ್ಲಿಂದಾಚೆಗೆ ಮರಿಗಳು ದೇಶದ ಕೆರೆಕೆರೆಗೂ ಹೋದವು. ಜಿಲೇಬಿಯಂತೂ ಮೂಲದಲ್ಲಿ ಆಫ್ರಿಕಾದ್ದು. ಹಾಗೆ ನೋಡಿದರೆ ಆ ಗುಡಿಸಲಿನಲ್ಲಿ ಸ್ಥಳೀಯ ಎನ್ನಬಹುದಾದದ್ದು ನಾನೊಬ್ಬನೇ.

ಸಂಜೆ ಚನ್ನಗಿರಿಯ ಅಂಗಡಿಗಳಲ್ಲಿ ಆರ್ಡರು. ಅಡಿಕೆ ತೋಟದವರಿಗೆ ಮೈಲುತುತ್ತ, ಸುಣ್ಣದ ಲೆಕ್ಕ. ಭದ್ರಾ ಕಾಲುವೆಯ ಭತ್ತದವರಿಗೆ ಎಂಡೋಸಲ್ಫಾನ್. ಡಬ್ಬಿಯ ಮೇಲೆ ಹಳದಿ ತ್ರಿಕೋನ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮೀನಿಗೆ ವಿಷ ಎಂಬ ಎಚ್ಚರಿಕೆ. ಆ ಸಾಲನ್ನು ನಾನು ಯಾರಿಗೂ ಓದಿ ಹೇಳಿದವನಲ್ಲ, ಕೇಳಿದವರೂ ಇಲ್ಲ. ಗದ್ದೆಯಿಂದ ಬಸಿದ ನೀರು ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳ ಹೊಳೆಗೆ. ಒಂದು ಸಲ ಹೊನ್ನಾಳಿ ಹತ್ತಿರದ ಬಸಿಗಾಲುವೆಯಲ್ಲಿ ಬೆರಳುದ್ದದ ಮೀನುಗಳು ಹೊಟ್ಟೆ ಮೇಲೆ ಮಾಡಿ ಒಂದು ಪರ್ಲಾಂಗಿನುದ್ದಕ್ಕೂ ತೇಲುತ್ತಿದ್ದವು. ಹುಡುಗರು ಪುಕ್ಕಟೆ ಸಿಕ್ಕಿತೆಂದು ಟವೆಲಿನಲ್ಲಿ ತುಂಬಿಕೊಳ್ಳುತ್ತಿದ್ದರು. "ತಿನ್ಬ್ಯಾಡ್ರೋ, ಎಣ್ಣೆ ಬಿದ್ದೈತೆ" ಅಂತ ಬೈದು ಓಡಿಸಿದೆ. ಅದು ನನ್ನ ಡಬ್ಬಿಯೋ ಬೇರೆ ಕಂಪನಿಯದೋ ವಿಚಾರಿಸುವ ಗೋಜಿಗೆ ಹೋಗಲಿಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ತಡೆದಾಗ ಕಾಸರಗೋಡಿನ ಮಕ್ಕಳ ಫೋಟೋ ಪೇಪರಿನಲ್ಲಿ ನೋಡಿದೆ. ಅಷ್ಟರಲ್ಲಿ ನಾನು ಆ ಕೆಲಸ ಬಿಟ್ಟು ಪೈಪಿನ ಅಂಗಡಿ ಇಟ್ಟಾಗಿತ್ತು. ಈಗ ಯಾರಾದರೂ "ಆಗಿನ ಮೀನೇ ಬೇರೆ ಬಿಡ್ರಿ" ಎಂದು ನಿಟ್ಟುಸಿರು ಬಿಟ್ಟರೆ ನಾನು ಮಾತು ತಿರುಗಿಸುತ್ತೇನೆ.

ನ್ಯಾಮತಿಯಲ್ಲಿ ಮೀನಿನ ಆಸೆ ಇಟ್ಟುಕೊಳ್ಳುವಂತಿರಲಿಲ್ಲ. ಖಾನಾವಳಿಯ ರೊಟ್ಟಿ, ಶೇಂಗಾ ಚಟ್ನಿ, ಕಾಳು ಪಲ್ಯ. ಸಂಜೆ ಮಂಡಕ್ಕಿ, ಮಿರ್ಚಿ. ದೂರುವುದಕ್ಕೆ ಏನೂ ಇಲ್ಲ, ನೆನೆಯುವುದಕ್ಕೂ ಅಷ್ಟೇ.

ಜಗಳೂರಿನದು ಬೇರೆ ಕಥೆ. ಮಳೆ ಕೈಕೊಟ್ಟೇ ಹೆಸರಾದ ತಾಲ್ಲೂಕು. ಕೆರೆಗಳಿದ್ದವು, ನೀರಿರಲಿಲ್ಲ, ಕೆರೆಯಂಗಳದಲ್ಲಿ ಜಾಲಿ ಬೆಳೆದಿತ್ತು. ಅಲ್ಲಿಗೆ ಸಮುದ್ರ ಬರುತ್ತಿದ್ದದ್ದು ಒಣಗಿಕೊಂಡು, ಸಂತೆಯ ದಿನ, ಗೋಣಿಚೀಲದಲ್ಲಿ. ಒಣ ಬಂಗಡೆ, ಒಣ ಸೀಗಡಿ. ಸಂತೆಯ ಮೂಲೆಯಲ್ಲಿ ಹಾಸಿದ ತಾಡಪಾಲಿನ ಮೇಲೆ ಒಬ್ಬ ಅಜ್ಜಿ ಅದನ್ನು ಸೇರಿನಲ್ಲಿ ಅಳೆದು ಕೊಡುತ್ತಿದ್ದಳು. ಉಳಿದ ವ್ಯಾಪಾರಿಗಳು ಅವಳ ಗಾಳಿಯಿಂದ ಹತ್ತು ಮಾರು ದೂರ. ಸೀಗಡಿಯನ್ನು ಹಂಚಿನ ಮೇಲೆ ಹುರಿದು, ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ಕುಟ್ಟಿ ಮುದ್ದೆಗೆ ನಂಚಿಕೊಂಡರೆ ಒಂದು ಚಿಟಿಕೆಯಲ್ಲಿ ಒಂದು ಮುದ್ದೆ ಇಳಿಯುತ್ತಿತ್ತು. ಬಡವರ ಲೆಕ್ಕದಲ್ಲಿ ಅದು ದೊಡ್ಡ ಉಳಿತಾಯ.

ಹೋದ ವರ್ಷ ನನ್ನ ಅಕ್ಕನ ಮಗ ಹೆಂಡತಿಯೊಂದಿಗೆ ವಿಯೆಟ್ನಾಂನ ಫು ಕ್ವಾಕ್ ದ್ವೀಪಕ್ಕೆ ಹೋಗಿದ್ದ. ಅಲ್ಲಿನ ಝುವಾಂಗ್ ಡಾಂಗ್ ಪಟ್ಟಣದ ರಾತ್ರಿ ಸಂತೆಯಿಂದ ವಿಡಿಯೊ ಕರೆ ಮಾಡಿ, "ನೋಡು ಮಾಮ, ತೊಟ್ಟಿಲಿ ಜೀವಂತ ಇರೋದನ್ನ ಬೆರಳು ಮಾಡಿ ತೋರಿಸಿದ್ರೆ ತೂಗಿ ಸುಟ್ಟು ಕೊಡ್ತಾರೆ" ಅಂತ ಸಂಭ್ರಮಪಟ್ಟ. ಹೊನ್ನಾಳಿಯ ಹಂಡೆ ನೆನಪಾಯಿತು. ಆ ದೇಶದವರು ಕೊರವವನ್ನೂ ತಿನ್ನುತ್ತಾರೆ, ಮೆಕಾಂಗ್ ನದಿಯ ಬಯಲಿನಲ್ಲಿ ಹುಣಸೆಹುಳಿ ಹಾಕಿಯೇ ಸಾರು ಮಾಡುತ್ತಾರೆ. ಜೊತೆಗೆ ಅನಾನಸ್ ಹಾಕುವುದೊಂದು ನನಗೆ ಅರ್ಥವಾಗದ ವಿಷಯ. ಆ ದ್ವೀಪ ಹೆಸರಾದದ್ದು ಸಣ್ಣ ಮೀನು, ಉಪ್ಪು ಎರಡನ್ನೇ ಮರದ ಪೀಪಾಯಿಯಲ್ಲಿ ವರ್ಷದಷ್ಟು ಕಾಲ ಕೊಳೆಸಿ ಇಳಿಸುವ ಸಾರಕ್ಕೆ. ಹುಡುಗ ಅದಕ್ಕೆ ಮೂಗು ಮುಚ್ಚಿದನಂತೆ. ಜಗಳೂರಿನ ಅಜ್ಜಿಯ ಗಾಳಿಗೆ ಮೂಗು ಮುಚ್ಚಿದವರ ವಂಶದವನೇ ತಾನೆ.

ಅವನು ಊರಿಗೆ ಬಂದಾಗ ಕಾರಿನಲ್ಲಿ ಹಳೇ ದಾರಿ ಸುತ್ತಿದೆವು. ನನ್ನ ಹೆಂಡತಿಯೂ ಜೊತೆಗಿದ್ದಳು. ಮೂವತ್ತೈದು ವರ್ಷ ನನ್ನ ಬಾಯಲ್ಲಿ ಕೇಳಿದ ಊಟಗಳನ್ನು ಅವಳು ನೋಡುವುದು ಇದೇ ಮೊದಲು.

ಹೊನ್ನಾಳಿಯಲ್ಲಿ ಆ ಪರದೆ ಹೋಟೆಲು ಇಲ್ಲ. ನಾವು ಹೋದದ್ದು ಹೆದ್ದಾರಿ ಬದಿಯ ಫ್ಯಾಮಿಲಿ ರೆಸ್ಟೋರೆಂಟಿಗೆ. ಎರಡು ನಲ್ಲಿ, ಸೋಪು, ಫ್ಯಾನು. ಯಾರೂ ಯಾರ ಪೈಕಿ ಅಂತ ಕೇಳಲಿಲ್ಲ. ಪಕ್ಕದ ಮೇಜಿನಲ್ಲಿ ಐದು ಜನ ಹೆಣ್ಣುಮಕ್ಕಳು, ಬ್ಯಾಂಕಿನವರಿರಬೇಕು, ಬಿರಿಯಾನಿ ತಿನ್ನುತ್ತಿದ್ದರು. ಹೆಂಡತಿ ಮೆನು ಹಿಡಿದು ತಾನೇ ಆರ್ಡರ್ ಕೊಟ್ಟಳು. ಬಂದದ್ದು ಕೆಂಪು ಬಣ್ಣದ, ಮುಳ್ಳೇ ಇಲ್ಲದ ಫಿಶ್ ಕಬಾಬ್. ಹತ್ತಿಯಷ್ಟು ಮೆತ್ತಗೆ, ಹತ್ತಿಯಷ್ಟೇ ರುಚಿ. ಯಾವ ಮೀನಪ್ಪಾ ಎಂದರೆ ಸಪ್ಲೈಯರ್ ಹುಡುಗ ಒಳಗೆ ಹೋಗಿ ಕೇಳಿಕೊಂಡು ಬಂದ: "ಬಾಸಾ ಸರ್. ಆಂಧ್ರದ್ದು." ಬಾಸಾ ಎಂದು ನಮ್ಮಲ್ಲಿ ಮಾರುವ ಪಂಗಾಸಿಯಸ್ ಮೀನಿನ ತವರು ಮೆಕಾಂಗ್ ನದಿ. ತೊಂಬತ್ತರ ದಶಕದಲ್ಲಿ ಬಾಂಗ್ಲಾದೇಶದ ಮೂಲಕ ಬಂದು ಆಂಧ್ರದ ಹೊಂಡಗಳಲ್ಲಿ ಬೇರೂರಿತು. ಅಳಿಯನಿಗೆ ಹೇಳಿದೆ, "ನೀನು ವಿಮಾನದ ದುಡ್ಡು ದಂಡ ಮಾಡಿದೆ ಕಣೋ, ವಿಯೆಟ್ನಾಮೇ ಹೊನ್ನಾಳಿಗೆ ಬಂದೈತಿ."

ಸೂಳೆಕೆರೆಯಲ್ಲಿ ನಾವು ತಲುಪುವ ಹೊತ್ತಿಗೆ ಕೆರೆಯ ಮೀನು ಬೆಳಗ್ಗೆಯೇ ಐಸು ಹಾಕಿಸಿಕೊಂಡು ಹೊರಟುಹೋಗಿತ್ತು. ಮಂಡಕ್ಕಿ ತಿಂದು ಎದ್ದೆವು.

ಜಗಳೂರಿಗೆ ಹೋಗುವ ಮನಸ್ಸಿರಲಿಲ್ಲ, ಹೆಂಡತಿಯೇ ನಾಲ್ಕೂ ಮುಗಿಸೋಣ ಎಂದಳು. ಕೆರೆಯಲ್ಲಿ ನೀರಿತ್ತು. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ಎತ್ತಿ, ಪೈಪಿನಲ್ಲಿ ತಂದು 57 ಕೆರೆ ತುಂಬಿಸುವ ಯೋಜನೆಯ ನೀರು. ಪೈಪು ಮಾರಿದವನ ಕಣ್ಣಿನಿಂದ ಅದನ್ನು ಸ್ವಲ್ಪ ಹೊತ್ತು ನೋಡಿದೆ. ಏರಿಯ ಹತ್ತಿರ ತಳ್ಳುಗಾಡಿಯಲ್ಲಿ ಒಬ್ಬಾಕೆ ರೋಹು ಹುರಿಯುತ್ತಿದ್ದಳು.

"ಇದೇ ಕೆರೇದೇನಮ್ಮ?"

"ಹೂಂ ಅಣ್ಣಾ, ಹೊತ್ತುಟ್ಟಾಗ ಹಿಡಿದಿದ್ದು. ಯಾವೂರ್ರೀ ನಿಮ್ದು?"

ದಾವಣಗೆರೆ ಎಂದು ಹೇಳಿ, ಅಭ್ಯಾಸ ಬಲದಿಂದ ಮುಂದಿನ ಪ್ರಶ್ನೆಗೆ ಕಾದೆ. "ಮುಳ್ಳೈತೆ ಮತ್ತೆ, ನೋಡ್ಕೊಂಡು ತಿನ್ರಿ" ಎಂದಳು ಅಷ್ಟೆ.

ಖಾರ ಹದವಾಗಿತ್ತು, ಎಣ್ಣೆ ಹಳೆಯದು. ಎರಡನೇ ತುತ್ತಿಗೆ ಗಂಟಲಲ್ಲಿ ಮುಳ್ಳು ನಿಂತಿತು. ಹೆಂಡತಿ ಕಾರಿನಿಂದ ಬಾಳೆಹಣ್ಣು ತಂದು ಕೊಟ್ಟಳು. ಒಂದಕ್ಕೆ ಇಳಿಯಲಿಲ್ಲ, ಎರಡು ಬೇಕಾಯಿತು. ಅಷ್ಟರಲ್ಲಿ ಅವಳು ನನ್ನ ತಟ್ಟೆಯದನ್ನೂ ಮುಗಿಸಿದ್ದಳು.