ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಗೆದ್ದ ತಂಡಕ್ಕೆ ಚಪ್ಪಾಳೆ ತಟ್ಟುತ್ತಲೇ ‘ಅವರ ಹ್ಯಾಂಡಿಕ್ಯಾಪ್ ಇನ್ನೂ ಇಪ್ಪತ್ನಾಲ್ಕೇನ್ರೀ?’ ಎಂದು ಪಕ್ಕದವರ ಕಿವಿಯಲ್ಲಿ ಕೇಳುವುದು ಗಾಲ್ಫ್ ಕ್ಲಬ್ಬುಗಳ ಹಳೆಯ ರೂಢಿ. ಹ್ಯಾಂಡಿಕ್ಯಾಪ್ ಅಂದರೆ ಆಟ ಕಮ್ಮಿ ಇದ್ದವರಿಗೆ ಸಿಗುವ ಸ್ಟ್ರೋಕ್ ರಿಯಾಯಿತಿ, ಅಂಕೆ ದೊಡ್ಡದಾದಷ್ಟೂ ರಿಯಾಯಿತಿ ಜಾಸ್ತಿ. 1876ರಲ್ಲೇ ಗಾಲ್ಫ್ ಕ್ಲಬ್ ಕಂಡ ಬೆಂಗಳೂರಿಗೂ ಅದು ಹೊಸದಲ್ಲ. ಸ್ನೇಹದ ಪಂದ್ಯ, ಗೆದ್ದರೆ ಒಂದು ಕಪ್ಪು. ಅನುಮಾನ ಮಾತ್ರ ಮನೆತನಕ ಬರುತ್ತದೆ.

ಎನ್.ಆರ್. ಕಾಲೋನಿಯ ಅಡ್ಡರಸ್ತೆಗಳಲ್ಲಿ ಕ್ರಿಕೆಟ್ ಆಡಿ ಬೆಳೆದವರಿಗೆ ಬಲಾಬಲ ಸರಿತೂಗಿಸುವ ಈ ಸಂಕಟದ ಪರಿಚಯ ಚೆನ್ನಾಗಿಯೇ ಇದೆ. ವಿಕೆಟ್ ಅಂದರೆ ಗೋಡೆಯ ಮೇಲೆ ಇದ್ದಿಲಿನ ಮೂರು ಗೀಟು. ಚೆಂಡು ನೇರ ಕಾಂಪೌಂಡಿನೊಳಗೆ ಬಿದ್ದರೆ ಔಟು. ಒಂದು ಪಿಚ್ ಬಿದ್ದದ್ದನ್ನು ಒಂದೇ ಕೈಯಲ್ಲಿ ಹಿಡಿದರೂ ಔಟು. ಒಬ್ಬ ಹೆಚ್ಚಾದರೆ ಅವನು ಜೋಕರ್, ಎರಡೂ ಕಡೆ ಬ್ಯಾಟಿಂಗ್. ಅಣ್ಣನ ಬೆನ್ನುಹತ್ತಿ ಬಂದ ಪುಟ್ಟನ ವಿಕೆಟ್ ಮೊದಲ ಚೆಂಡಿಗೇ ಹೋದರೆ ‘ಟ್ರಯಲ್ ಬಾಲ್’ ಅಂತ ಬಿಟ್ಟುಬಿಡುತ್ತಿದ್ದರು. ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಇದನ್ನೆಲ್ಲ ಯಾರೂ ಬರೆದಿಟ್ಟಿರಲಿಲ್ಲ. ಆದರೆ ಟೀಮು ಹಂಚುವಾಗ ಇಬ್ಬರು ಕ್ಯಾಪ್ಟನ್‌ಗಳು ಹೆಸರು ಕೂಗುವ ಸರದಿಯಲ್ಲೇ ಬೀದಿಯ ಪ್ರತಿ ಹುಡುಗನ ತಾಕತ್ತು ಗೊತ್ತಾಗುತ್ತಿತ್ತು. ಚೆನ್ನಾಗಿ ಆಡುವವನು ಬಾರದವನ ಹಾಗೆ ನಟಿಸಿದರೆ ಸಂಜೆಯೊಳಗೆ ಸಿಕ್ಕಿಬೀಳುತ್ತಿದ್ದ. ದಿನಾ ನೋಡುವ ಕಣ್ಣುಗಳು!

ಗಾಲ್ಫಿನ ದೊಡ್ಡತನವೆಂದರೆ ಅದು ಪುಟ್ಟನನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಕೊನೆಯ 20 ರೌಂಡುಗಳಲ್ಲಿ ಅತ್ಯುತ್ತಮ 8ರ ಸರಾಸರಿ ಹಿಡಿಯುತ್ತದೆ, ಗರಿಷ್ಠ 54. ಒಬ್ಬರಿಗೊಬ್ಬರು ಎದುರಾದ ಮ್ಯಾಚ್‌ನಲ್ಲಿ ಹ್ಯಾಂಡಿಕ್ಯಾಪ್ ಆರರವರ ಎದುರು ಇಪ್ಪತ್ನಾಲ್ಕರವರಿಗೆ ಹದಿನೆಂಟು ಹೋಲ್‌ಗೂ ಒಂದೊಂದು ಸ್ಟ್ರೋಕ್ ರಿಯಾಯಿತಿ. ಇಬ್ಬರೂ ಐದರಲ್ಲಿ ಮುಗಿಸಿದರೆ ಆ ಹೋಲ್ ಇಪ್ಪತ್ನಾಲ್ಕರವರದು.

ಜೋಡಿಗಳ ಫೋರ್‌ಬಾಲ್‌ನಲ್ಲಿ ಇಬ್ಬರ ಪೈಕಿ ಒಳ್ಳೆಯ ಸ್ಕೋರಷ್ಟೇ ನಿಲ್ಲುತ್ತದೆ. ಇಪ್ಪತ್ನಾಲ್ಕರವರ ಆಟದಲ್ಲಿ ಏರಿಳಿತ ಜಾಸ್ತಿ. ಅವರು ಕೆಡಿಸಿಕೊಂಡ ಹೋಲ್‌ಗಳನ್ನು ಜೊತೆಗಾರ ಮುಚ್ಚುತ್ತಾರೆ, ಚೆನ್ನಾಗಿ ಆಡಿದವು ಉಳಿಯುತ್ತವೆ. ಅದಕ್ಕೇ ಹೋಲ್ ಲೆಕ್ಕದ ಮ್ಯಾಚ್‌ಪ್ಲೇಗೆ ಹ್ಯಾಂಡಿಕ್ಯಾಪ್‌ನ ಶೇ. 90, ಒಟ್ಟು ಹೊಡೆತಗಳ ಲೆಕ್ಕದ ಸ್ಟ್ರೋಕ್‌ಪ್ಲೇಗೆ ಶೇ. 85 ಮಾತ್ರ ಕೊಡಿ ಎಂಬ ಶಿಫಾರಸು. ನ್ಯಾಯವಾದ ಕಡಿತ.

ಈ ಕಡಿತಕ್ಕೂ ಜಗ್ಗದವರು ಕೆಲವರಿದ್ದಾರೆ. ಕೆಟ್ಟ ರೌಂಡಿನ ಕಾರ್ಡ್ ತಪ್ಪದೆ ಕೊಡುತ್ತಾರೆ, ಒಳ್ಳೆಯದನ್ನು ಹ್ಯಾಂಡಿಕ್ಯಾಪ್ ಇಳಿಯದಂತೆ ಜೇಬಿನಲ್ಲೇ ಉಳಿಸಿಕೊಳ್ಳುತ್ತಾರೆ. ಇದರ ಪೆಟ್ಟು ಬೀಳುವುದು ವರ್ಷವಿಡೀ ಪ್ರಾಮಾಣಿಕವಾಗಿ ಕಾರ್ಡ್ ಕೊಟ್ಟ ಇನ್ನೊಬ್ಬ ಇಪ್ಪತ್ನಾಲ್ಕರವರ ಮೇಲೆ. ಅವರು ಜೀವಮಾನದ ಆಟ ಆಡಿದ ದಿನವೂ ಯಾರೂ ಮನಸಾರೆ ಕೈ ಕುಲುಕುವುದಿಲ್ಲ.

ನಿಯಮದಲ್ಲಿ ಮದ್ದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಹ್ಯಾಂಡಿಕ್ಯಾಪ್ ಮುಟ್ಟಿದ ಕನಿಷ್ಠ ಅಂಕೆಗಿಂತ ಅದು 5ಕ್ಕೂ ಹೆಚ್ಚು ಮೇಲೇರುವಂತಿಲ್ಲ. ಪರಿಶೀಲಿಸಿ ಇಳಿಸುವ ಅಧಿಕಾರ ಕ್ಲಬ್ಬಿನ ಸಮಿತಿಗೂ ಇದೆ. ಆದರೆ ಸಮಿತಿಯಲ್ಲಿ ಕೂತವರೂ ಗೆಳೆಯರೇ, ಬಾಯಿ ಬಿಡುವುದಿಲ್ಲ. ಬಿಡಬೇಕು, ಮುಂದಿನ ಪಂದ್ಯಕ್ಕೆ ಹೆಸರು ಬರೆಸಿಕೊಳ್ಳುವ ಮೊದಲೇ.